‘ಲಾ ಫ್ರಾನ್ಸ್’ ಗುಲಾಬಿಯ ಕುಲವಿಚಾರ

‘ಹೈಬ್ರಿಡ್ ಟೀ’ ಎಂಬ ಗುಲಾಬಿವರ್ಗಕ್ಕೆ ಮೊದಲಿಗನೆಂಬ ಕೀರ್ತಿ ‘ಲಾ ಫ್ರಾನ್ಸ್’ ತಳಿಗೆ ಸಂದಿರುವುದು. ಲಿಯೋನ್ ನಗರದ ತೋಟಗಾರನಾದ ಕಿರಿಯ ಗೀಯೋ 1867ರಲ್ಲಿ ಇದನ್ನು ಹೊರತಂದನು. ಎಸಳುಗಳ ಒಳಮೈ ಬೆಳ್ಳಿಯ ಹೊಳಪು ಕೂಡಿದ ನಸುಗೆಂಪು. ಹೊರಮೈ ಅದಕ್ಕಿಂತ ಗಾಢವಾದುದು. ಪರಿಮಳವು ಬಲು ತೀವ್ರ. ಅಮೆರಿಕದ ಗುಲಾಬಿ ಸಂಘವು 1966ರಲ್ಲಿ ‘ಹಳೆಯ ಗುಲಾಬಿ’ಗಳಿಗೆ ಎಲ್ಲೆಕಟ್ಟನ್ನು ಗೊತ್ತುಮಾಡಿದಾಗ, ಈ 1867ನೆಯ ವರ್ಷಕ್ಕೆ ಮುಂಚೆಯೇ ಇದ್ದ ವರ್ಗಗಳನ್ನು ಮಾತ್ರ ಹಳೆಯವೆಂದು ಎಣಿಸಿತು.

ಹೆಸರಿನಲ್ಲಿ ‘ಟೀ’ ಇದ್ದರೂ ಚಹದ ಗಿಡಕ್ಕೂ ಇದಕ್ಕೂ ನಂಟಿಲ್ಲ. 1809ರಲ್ಲಿಯೂ 1824ರಲ್ಲಿಯೂ ಚೀನದಿಂದ ಇಂಗ್ಲೆಂಡಿಗೆ ಬಂದ ಎರಡು ಗುಲಾಬಿಗಳ ಕಂಪು ಚಹದ ಎಲೆಯ ವಾಸನೆಯನ್ನು ಹೋಲುವುದೆಂದು ಅವುಗಳ ಸಂತತಿಗೆ ಆ ಹೆಸರಾಯಿತು. (ಹೂವಿನ ಹೆಸರು ಹೀಗೆ ಪರಿಮಳದ ಜಾಡು ಹಿಡಿಯುವುದು ಹೊಸತಲ್ಲ. ಪಾರಸಿಯ ‘ಗುಲಾಬ್’ ಎಂಬುದು ಮೂಲದಲ್ಲಿ ಪನ್ನೀರನ್ನು ಹೇಳುವ ಶಬ್ದ. ಕನ್ನಡದಲ್ಲಿ ಅದು ಹೂವಿಗೇ ನಿಂತಿತು.) ಟೀ ಗುಲಾಬಿಗಳು ಮತ್ತೆ ಮತ್ತೆ ಹೂಬಿಡುವವು, ಆದರೆ ಚಳಿಯನ್ನು ತಾಳಲಾರವು. ಆಗ ಯೂರೋಪಿನಲ್ಲಿ ಹಬ್ಬಿದ್ದ ‘ಹೈಬ್ರಿಡ್ ಪರ್ಪೆಚುಅಲ್’ ಗಿಡಗಳಾದರೋ ಚಳಿಗೆ ಗಟ್ಟಿ, ಮರುಹೂವಿನಲ್ಲಿ ಜಿಪುಣ. ಲಾ ಫ್ರಾನ್ಸ್ ಇವೆರಡರ ನಡುವೆ ನಿಂತಿತು.

ಇದರ ತಾಯ್ತಂದೆ ಯಾರೆಂಬುದು ವಿವಾದಗ್ರಸ್ತ. ಗೀಯೋ ಇದನ್ನು ‘ಮದಾಮ್ ಫಾಲ್ಕೊ’ ಎಂಬ ಟೀ ಗುಲಾಬಿಯ ಬೀಜದಿಂದ ಬಂದಿರಬಹುದೆಂದು ಭಾವಿಸಿದನು; ಅನಂತರದವರು ‘ಮದಾಮ್ ವಿಕ್ತೋರ್ ವೆರ್ದಿಯೇ’ ಎಂಬ ಪರ್ಪೆಚುಅಲ್ಲಿಗೂ ‘ಮದಾಮ್ ಬ್ರಾವಿ’ ಎಂಬ ಟೀ ಗುಲಾಬಿಗೂ ಹುಟ್ಟಿದುದೆಂದರು. ಎರಡೂ ಊಹೆಗಳೇ. ಲಿಖಿತ ಪ್ರಮಾಣವಿಲ್ಲದೆಡೆ ಗಿಡದ ಒಡಲೇ ಸಾಕ್ಷಿಯಾಗಬೇಕು. ಗುಲಾಬಿಯ ಕ್ರೋಮೋಸೋಮುಗಳು ಏಳೇಳರ ತಂಡಗಳಾಗಿರುವುವು. ಟೀ ಗುಲಾಬಿಗಳಲ್ಲಿ ಸಾಮಾನ್ಯವಾಗಿ 14, ಪರ್ಪೆಚುಅಲ್ಲುಗಳಲ್ಲಿ 28. ಲಾ ಫ್ರಾನ್ಸಿನಲ್ಲಿರುವುದು 21. ಒಂದರ ಅರ್ಧವಾದ 7, ಇನ್ನೊಂದರ ಅರ್ಧವಾದ 14 ಕೂಡಿದರೆ ಬರುವ ಮೊತ್ತವೇ ಇದು. ವ್ಯಕ್ತಿಗಳ ಹೆಸರು ಇದರಿಂದ ತಿಳಿಯದಾದರೂ ಮಿಶ್ರಕುಲವೆಂಬ ಮಾತು ಬಲಗೊಳ್ಳುವುದು. ಮೂರು ತಂಡಗಳು ಸರಿಯಾಗಿ ಜೋಡಿಗೂಡಲಾರದ ಕಾರಣ ಈ ಗಿಡವು ಬಹುಮಟ್ಟಿಗೆ ಬಂಜೆಯೂ ಆಯಿತು.

ಆದುದರಿಂದ ವರ್ಗವನ್ನು ಬೆಳೆಸಿದ ಯಶಸ್ಸನ್ನು ಇದೊಂದಕ್ಕೇ ಕೊಡುವುದು ನ್ಯಾಯವಲ್ಲ. ಗೀಯೋವಿಗೆ ಒದಗಿದುದು ಅದೃಷ್ಟ. ಕ್ರಮವನ್ನು ತಂದವನು ಇಂಗ್ಲೆಂಡಿನ ಹೆನ್ರಿ ಬೆನೆಟ್. ದನಗಳ ತಳಿಯನ್ನು ಆರಿಸಿ ಬೆಳೆಸುವ ರೀತಿಯನ್ನು ಅವನು ಗುಲಾಬಿಗೆ ಅನ್ವಯಿಸಿ, ತಾಯ್ತಂದೆಗಳನ್ನು ಗೊತ್ತುಮಾಡಿ, 1879ರಲ್ಲಿ ‘ವಂಶಾವಳಿಯುಳ್ಳ’ ಹತ್ತು ಸಂಕರಗಳನ್ನು ಪ್ರಕಟಿಸಿದನು. ಅವನ 1882ರ ‘ಲೇಡಿ ಮೇರಿ ಫಿಟ್ಸ್‌ವಿಲಿಯಮ್’ ಬಂಜೆಯಾಗಿರಲಿಲ್ಲ. 1890ರ ಪ್ರಸಿದ್ಧ ನಸುಗೆಂಪಿನ ‘ಮದಾಮ್ ಕಾರೊಲೀನ್ ತೆಸ್ತೂ’ ಅದರ ಮಗಳು.