ಹಳೆಯ ಪಠ್ಯ ಎಲ್ಲಿ ಹೋಯಿತು? ಮುಕ್ತ ತಂತ್ರಾಂಶದ ಕೈಪಿಡಿಯನ್ನು ಹಲವರು ಸೇರಿ ಬರೆಯುವ ವ್ಯವಸ್ಥೆಯ ಬಗ್ಗೆ

ಇವತ್ತಿನ ವಿಷಯ ಸ್ವಲ್ಪ ಒಣ ವಿಷಯ, ಹಾಗಾಗಿ ಒಂದು ಪುಟದ ಕಥೆಯಿಂದ ಶುರು ಮಾಡ್ತೀನಿ.

ಕೊಯಮತ್ತೂರಿನ ಸೋಮನೂರು, ತಿರುಪ್ಪೂರಿನ ಪಲ್ಲಡಂ ಕಡೆ ವಿದ್ಯುತ್ ಮಗ್ಗಗಳು ಹೆಚ್ಚು. ಅಲ್ಲಿ ಬಹಳ ಮಂದಿ ತಮ್ಮ ನೂಲಿನಲ್ಲಿ ನೇಯುವುದಿಲ್ಲ. ವ್ಯಾಪಾರಿ ಹಾಸು, ಹೊಕ್ಕು ಎರಡಕ್ಕೂ ನೂಲು ಕೊಡ್ತಾನೆ, ಇವರು ಕೂಲಿಗೆ ನೇಯ್ದು ಕೊಡ್ತಾರೆ. ಈ ಕೂಲಿಯ ಏರಿಕೆಗಾಗಿಯೇ 2022ರ ಆರಂಭದಲ್ಲಿ ಎರಡೂ ಜಿಲ್ಲೆಗಳ ಮಗ್ಗಗಳು ವಾರಗಟ್ಟಲೆ ನಿಂತಿದ್ದವು. ನಮ್ಮ ವಿದ್ಯಾರ್ಥಿ ಗುಂಪು ಬರೆದದ್ದು ಈ ಕೂಲಿಯ ಲೆಕ್ಕ ಹಾಕುವ ಒಂದು ಪುಟ್ಟ ಮುಕ್ತ ತಂತ್ರಾಂಶ. ಲೆಕ್ಕವನ್ನು ನಮಗೆ ಬಿಡಿಸಿ ಹೇಳಿದವರು ಮನೆಯಲ್ಲಿ ಕನ್ನಡ ಆಡುವ ದೇವಾಂಗ ಹಿರಿಯರು. ಹಾಗಾಗಿ ಕೈಪಿಡಿ ಮೊದಲು ಕನ್ನಡದಲ್ಲಿ ಆಯಿತು, ತಮಿಳು ಪುಟಗಳು ಅದರಿಂದ ಅನುವಾದವಾದವು.

ಉದಾಹರಣೆಗೆ, ಇಂಚಿಗೆ 50 ಹೊಕ್ಕು, ಒಂದು ಹೊಕ್ಕಿಗೆ 6 ಪೈಸೆ ದರ ಅಂತಿಟ್ಟುಕೊಳ್ಳಿ. ನಮ್ಮ ತಂತ್ರಾಂಶ ಹಿಡಿದ ರೀತಿಯಲ್ಲಿ ಮೀಟರಿಗೆ 300 ಪೈಸೆ, ಅಂದ್ರೆ 3 ರೂಪಾಯಿ. ಯಾರೋ ಒಬ್ಬರು, ಒಳ್ಳೆಯ ಉದ್ದೇಶದಿಂದಲೇ, ಕೈಪಿಡಿಯಲ್ಲಿದ್ದ ‘ಇಂಚು’ ತೆಗೆದು ‘ಸೆಂಟಿಮೀಟರ್’ ಹಾಕಿದರು. ಪುಟ ಓದಿದವರು 50ರ ಜಾಗದಲ್ಲಿ 19.7 ತುಂಬಿದರು. ಕೂಲಿ 1 ರೂಪಾಯಿ 18 ಪೈಸೆಗೆ ಇಳಿಯಿತು! ತಪ್ಪು ತಮಿಳು ಪುಟಕ್ಕೂ ಹೋಗಿತ್ತು. ಒಬ್ಬ ನೇಕಾರರ ಮಗಳು ಚೀಟಿ ನೋಡಿ ಫೋನ್ ಮಾಡಿದ್ದರಿಂದ ನಮಗೆ ಗೊತ್ತಾಯಿತು.

‘ಅದಕ್ಕೇನು, ಹಳೆಯ ಆವೃತ್ತಿಗೆ ಮರಳಿದರಾಯ್ತು’ ಅಂತ ನಾವು ಧೈರ್ಯವಾಗಿದ್ದೆವು. ಎಲ್ಲರೂ ತಿದ್ದಬಹುದಾದ ಪುಟ ಎಂಬ ಕಲ್ಪನೆ ನಿಂತಿರೋದೇ ಈ ನಂಬಿಕೆಯ ಮೇಲೆ. ವಾರ್ಡ್ ಕನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಜಾಲಕ್ಕೆ ಬಿಟ್ಟಾಗಿನಿಂದ ಸಾಮೂಹಿಕ ಬರವಣಿಗೆ ಬೆಳೆದು ಬಂದ ದಾರಿ ಇದು: ತಪ್ಪು ಮಾಡುವುದನ್ನು ತಡೆಯಬೇಡಿ, ತಪ್ಪನ್ನು ಹಿಂದಕ್ಕೆ ತೆಗೆಯುವುದನ್ನು ಸುಲಭ ಮಾಡಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುತ್ತಿರುವುದೂ ಹೀಗೆಯೇ.

ನಮ್ಮ ಪುಟದ ಇತಿಹಾಸ ತೆರೆದೆವು. ಮೂರು ತಿದ್ದುಪಡಿ ಆಗಿವೆ ಅಂತ ದಿನಾಂಕ ಸಮೇತ ಪಟ್ಟಿ ಇತ್ತು. ಹಳೆಯ ಪಠ್ಯ ಮಾತ್ರ ಒಂದೂ ಇರಲಿಲ್ಲ.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ನಾವು ಇಟ್ಟಿದ್ದು ಡಾಕುವಿಕಿ. ಆಂಡ್ರಿಯಾಸ್ ಗೋರ್ 2004ರಲ್ಲಿ ಹೊರತಂದ ಇದಕ್ಕೆ ಡೇಟಾಬೇಸ್ ಬೇಡ, ಪ್ರತಿ ಪುಟವೂ ಒಂದು ಸಾದಾ ಪಠ್ಯ ಕಡತ. ಪುಟದ ಹೆಸರೇ ಕಡತದ ಹೆಸರು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಡಾಕುವಿಕಿಯ ಮೂಲ ಹೊಂದಿಕೆ ಅದನ್ನೂ ಹಾಗೇ ಬರೆಯದೆ, ಜಾಲವಿಳಾಸದಲ್ಲಿ ಬರೆಯುವಂತೆ ಶೇಕಡಾ ಚಿಹ್ನೆ ಹಾಕಿ ಬರೀತದೆ. ಆಗ 3 ಬೈಟ್ 9 ಆಗ್ತದೆ.

ನಮ್ಮ ಪುಟದ ಹೆಸರು ‘ಮಗ್ಗದವರ ಕೂಲಿ ಲೆಕ್ಕ ಹಾಕುವ ವಿಧಾನ’. ಒತ್ತು, ಕಾಗುಣಿತ ಎಲ್ಲ ಬಿಡಿಸಿ ಎಣಿಸಿದರೆ 26 ಸಂಕೇತ, ನಡುವೆ 4 ಅಡಿಗೆರೆ. 26ನ್ನು 9ರಿಂದ ಗುಣಿಸಿ 4 ಕೂಡಿದರೆ 238. ಈಗಿನ ಪುಟಕ್ಕೆ ಕೊನೆಯಲ್ಲಿ ಇನ್ನೂ 4 ಬೈಟ್ ಸೇರಿ 242. ಉಳಿಯಿತು. ಹಳೆಯ ಆವೃತ್ತಿಯ ಹೆಸರಿಗಾದರೋ ಕಾಲಮುದ್ರೆಯ 10 ಅಂಕಿ, ಚುಕ್ಕೆಗಳು, ಸಂಕುಚಿತ ಕಡತದ ಬಾಲ ಎಲ್ಲ ಸೇರಿ 18 ಬೈಟ್ ಹೆಚ್ಚು. ಒಟ್ಟು 256. ಒಂದೇ ಒಂದು ಬೈಟ್ ಹೆಚ್ಚಾಗಿದ್ದಕ್ಕೆ ಇತಿಹಾಸ ಹೋಯಿತು. ‘ಮಗ್ಗದವರ’ ಬದಲು ‘ಮಗ್ಗದ’ ಅಂತ ಬರೆದಿದ್ದರೆ 238 ಬೈಟಿನಲ್ಲಿ ಮುಗೀತಿತ್ತು. ಇಂಗ್ಲಿಷ್ ಹೆಸರಿಟ್ಟವರಿಗೆ ಈ ಗೋಡೆ ಕಣ್ಣಿಗೇ ಬೀಳೋದಿಲ್ಲ. ತಂತ್ರಾಂಶದ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಹೆಸರನ್ನು ನೇರವಾಗಿ ಯುಟಿಎಫ್-8ರಲ್ಲೇ ಬರೆಯುವ ಆಯ್ಕೆ ಅದರಲ್ಲೇ ಇದೆ, ನಾವು ನೋಡಿರಲಿಲ್ಲ. ಇದನ್ನು ಪುಟಗಳು ಸೇರುವ ಮೊದಲೇ ಮಾಡಿಕೊಳ್ಳಿ. ಆಮೇಲೆ ಬದಲಿಸಿದರೆ ಹಳೆಯ ಕಡತಗಳ ಹೆಸರನ್ನೂ ಒಂದೊಂದಾಗಿ ಬದಲಿಸಬೇಕು.

ಇಲ್ಲಿ ಒಬ್ಬರು ಮೇಡಂ ಕೇಳಿದರು, ‘ಮೀಡಿಯಾವಿಕಿ ಹಾಕಬಹುದಿತ್ತಲ್ಲ?’ ಹಾಕಬಹುದಿತ್ತು. ಅಲ್ಲಿ ಪಠ್ಯ ಇರೋದು ಡೇಟಾಬೇಸಿನಲ್ಲಿ. ಶೀರ್ಷಿಕೆಗೆ 255 ಬೈಟ್ ಮಿತಿ ಅಲ್ಲೂ ಇದೆ, ಆದರೆ ಕನ್ನಡದ 85 ಸಂಕೇತ ಹಿಡಿಸ್ತದೆ, ಹಳೆಯ ಆವೃತ್ತಿಗೆ ಬಾಲ ಬೆಳೆಯೋದಿಲ್ಲ. ಬದಲಿಗೆ ಬೇರೆ ಭಾರ ಇದೆ. ಡೇಟಾಬೇಸಿನ ಪ್ರತಿ, ಚಿತ್ರಗಳ ಕೋಶ, ಹೊಂದಿಕೆ ಕಡತ, ಮೂರನ್ನೂ ಬೇರೆ ಬೇರೆ ಕಾಪಿಡಬೇಕು. ಡಾಕುವಿಕಿಯಲ್ಲಿ ಎರಡು ಕೋಶ ನಕಲು ಮಾಡಿದರೆ ಮುಖ್ಯವಾದದ್ದೆಲ್ಲ ಬಂತು. ಗಿಟ್ ಮತ್ತು ಸ್ಫಿಂಕ್ಸ್ ಬಳಸಿ ‘ರೀಡ್ ದ ಡಾಕ್ಸ್’ ಮಾದರಿಯಲ್ಲಿ ಮಾಡುವವರೂ ಇದ್ದಾರೆ. ಪ್ರೋಗ್ರಾಮರ್‌ಗಳಿಗೆ ಬಲು ಚೆನ್ನ. ಸೋಮನೂರಿನ ಲೆಕ್ಕ ಬರೆಯುವವರಿಗೆ ‘ಮೊದಲು ಗಿಟ್ ಕಲೀರಿ’ ಅಂದ್ರೆ ಅವರು ತಿದ್ದೋದನ್ನೇ ಬಿಡ್ತಾರೆ.

ಟ್ರಾನ್ಸ್‌ಲೇಟ್‌ವಿಕಿಯಿಂದ ಒಂದು ಉಪಾಯ ಎರವಲು ತಂದೆವು. ಮೀಡಿಯಾವಿಕಿಯ ಕನ್ನಡ ಸಂದೇಶಗಳು ಅನುವಾದವಾಗುವುದು ಅಲ್ಲಿಯೇ. ಕನ್ನಡ, ತಮಿಳಿನ ಜೊತೆಗೆ ಅಲ್ಲಿ ‘ಕ್ಯುಕ್ಯುಕ್ಯು’ ಎಂಬ ಸಂಕೇತದ ಇನ್ನೊಂದು ಭಾಷೆ ಇದೆ. ಅದು ಯಾರೂ ಆಡುವ ಭಾಷೆಯಲ್ಲ! ಈ ಸಾಲು ಎಲ್ಲಿ ಕಾಣಿಸ್ತದೆ, ಇದರಲ್ಲಿರುವ ಪದ ನಾಮಪದವೋ ಕ್ರಿಯಾಪದವೋ ಎಂದು ಅನುವಾದಕರಿಗೆ ತಿಳಿಸುವ ಟಿಪ್ಪಣಿಗಳ ಜಾಗ. ನಾವೂ ಪ್ರತಿ ಪುಟಕ್ಕೆ ಅಂಥದೊಂದು ಅಕ್ಕಪಕ್ಕದ ಪುಟ ಇಟ್ಟೆವು. ಕೂಲಿ ಪುಟದ ಟಿಪ್ಪಣಿ ಈಗ ಹೀಗಿದೆ: ‘ಇಲ್ಲಿ ಅಳತೆ ಇಂಚೇ. ತಂತ್ರಾಂಶದ ಒಳಗೂ ಇಂಚೇ. ಬದಲಿಸುವ ಮೊದಲು ಕೇಳಿ.’

ಲಿಪಿಯ ಮಾತು ಉಳಿದಿದೆ, ನನಗೆ ಹೆಚ್ಚು ಕಾಡುವುದೂ ಅದೇ. ನಮಗೆ ಲೆಕ್ಕ ಹೇಳಿಕೊಟ್ಟ ಹಿರಿಯರಿಗೆ ಕನ್ನಡ ಮಾತು ಬರ್ತದೆ, ಅಕ್ಷರ ಬರೋದಿಲ್ಲ. ಓದಿದ್ದು ತಮಿಳು ಶಾಲೆಯಲ್ಲಿ. ‘ನೀವು ಓದಿ ಹೇಳಿದ್ರೆ ಎಲ್ಲಾ ತಿಳೀತದೆ’ ಅಂದರು. ಹಾಗಾದ್ರೆ ಕನ್ನಡ ಪುಟವನ್ನು ತಮಿಳು ಲಿಪಿಯಲ್ಲಿ ತೋರಿಸೋಣ ಅಂತ ಹೊರಟೆವು. ಯೂನಿಕೋಡಿನಲ್ಲಿ ‘ಕ’ದ ಸಂಖ್ಯೆ 3221, ತಮಿಳಿನ ‘ಕ’ 2965. ಸರಿಯಾಗಿ 256 ಕಳೆದರಾಯ್ತು, ‘ಳ’ಕ್ಕೂ ದೀರ್ಘಕ್ಕೂ ಅಷ್ಟೇ ಅಂತರ. ಭಾರತದ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿರೋದ್ರಿಂದ ಇದು ಸಾಧ್ಯ. ಆದರೆ ಖ, ಗ, ಘ ಇರಬೇಕಾದ ಮೂರು ಮನೆ ತಮಿಳಿನಲ್ಲಿ ಖಾಲಿ. ಎಲ್ಲವನ್ನೂ ‘ಕ’ಕ್ಕೆ ತಳ್ಳಬೇಕು. ‘ಗಾಳಿ’ಯೂ ‘ಕಾಳಿ’ಯೂ ಒಂದೇ ಆಗಿ ಕಾಣಿಸ್ತವೆ. ಮನೆಮಾತು ಕನ್ನಡ ಇದ್ದವರು ಸಂದರ್ಭ ನೋಡಿ ಸರಿಯಾಗೇ ಓದ್ತಾರೆ, ನಾನು ಕೂತು ಕೇಳಿದ್ದೇನೆ. ಆದರೆ ಅವರು ಆ ಲಿಪಿಯಲ್ಲಿ ತಿದ್ದಿದ್ದನ್ನು ಯಂತ್ರ ಮತ್ತೆ ಕನ್ನಡಕ್ಕೆ ತರಲಾರದು. ಅಂದ್ರೆ ಅವರು ಓದಬಹುದು, ಬರೆಯುವಂತಿಲ್ಲ. ಲೆಕ್ಕ ಕೊಟ್ಟವರೇ ತಿದ್ದಲಾಗದ ಪುಟವನ್ನು ಸಾಮೂಹಿಕ ಅಂತ ಕರೆಯೋಕೆ ನನಗೆ ಬಾಯಿ ಬರ್ತಿಲ್ಲ.

ಸದ್ಯಕ್ಕೆ ಅವರ ತಿದ್ದುಪಡಿಗಳು ಧ್ವನಿ ಸಂದೇಶವಾಗಿ ಬರ್ತಿವೆ, ನಮ್ಮಲ್ಲಿ ಒಬ್ಬರು ಪುಟಕ್ಕೆ ಹಾಕಿ, ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರನ್ನು ತಿದ್ದುಪಡಿಯ ಟಿಪ್ಪಣಿಯಲ್ಲಿ ಬರೀತಾರೆ. ವಾರಕ್ಕೊಮ್ಮೆ ಎರಡೂ ಕೋಶಗಳ ನಕಲು ಬೇರೆ ಮನೆಯ ಡಿಸ್ಕಿಗೆ ಹೋಗ್ತದೆ. ತಿಂಗಳಿಗೊಮ್ಮೆ ಆ ನಕಲಿನಿಂದ ಬೇರೆ ಯಂತ್ರದಲ್ಲಿ ವಿಕಿ ಎಬ್ಬಿಸಿ, ಕೂಲಿ ಪುಟದ ಹಳೆಯ ಆವೃತ್ತಿಯೊಂದನ್ನು ತೆರೆದು ನೋಡ್ತೀವಿ. ಆ ಪುಟದ ಹೆಸರು ಈಗ ‘ಕೂಲಿ ಲೆಕ್ಕ’ ಅಷ್ಟೇ.