ಉಸಿರಿನ ಜೊತೆ ಓಡಾಡುವ ಗಡ್ಡೆಗೆ ಗುರಿ ಇಡುವುದು ಹೇಗೆ?

ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗನೊಬ್ಬ ಒಂದು ವಾರ ಬಂದಿರಲಿಲ್ಲ. ಅವನ ಮುತ್ಯಾನಿಗೆ ಶ್ವಾಸಕೋಶದ ಕ್ಯಾನ್ಸರ್. ಮನೆಯವರ ಜೊತೆ ಗದ್ವಾಲದಲ್ಲಿ ರೈಲು ಹತ್ತಿ ಹೈದರಾಬಾದಿನ ಆಸ್ಪತ್ರೆಗೆ ಹೋಗಿದ್ದ. ತಿರುಗಿ ಬಂದವನು ಉಸಿರಾಟದ ಪಾಠದ ನಡುವೆ ಎದ್ದು ನಿಂತು ಕೇಳಿದ: “ಸರ್, ಮುತ್ಯಾಗ ಕರೆಂಟ್ ಕೊಡ್ತೀವಿ ಅಂದ್ರು. ಆದ್ರ ಹೊಟ್ಟಿ ಮ್ಯಾಲೆ ಒಂದು ಡಬ್ಬಿ ಇಟ್ಟು ಬರೇ ಫೋಟೋ ತಗದು ಕಳಿಸ್ಯಾರ. ಗಡ್ಡಿ ಇರೋದು ಎದಿಯಾಗ, ಡಬ್ಬಿ ಹೊಟ್ಟಿ ಮ್ಯಾಲೆ ಯಾಕ್ರೀ?”

ದಿನ ಕಳೆಯುತ್ತಿದೆ, ಚಿಕಿತ್ಸೆ ಶುರುವಾಗಿಲ್ಲ ಎಂಬ ಚಿಂತೆ ಅವನ ಮಾತಿನಲ್ಲಿತ್ತು. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ಅದು ‘ಕರೆಂಟ್’ ಅಲ್ಲ. ಶಕ್ತಿಶಾಲಿ ಎಕ್ಸ್-ಕಿರಣ. ಅದರ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯುತ್ತಾರೆ: ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೌಲ್ ಶಕ್ತಿ ಹೀರಿದರೆ ಒಂದು ಗ್ರೇ. ಶ್ವಾಸಕೋಶದ ಗಡ್ಡೆಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ 30 ಸಲ, ಒಟ್ಟು 60 ಗ್ರೇ ಕೊಡುವ ಪದ್ಧತಿ ಇದೆ. ಗುರಿ ತಪ್ಪಿದರೆ ಗಡ್ಡೆ ಉಳಿಯುತ್ತದೆ, ಪಕ್ಕದ ಒಳ್ಳೆಯ ಶ್ವಾಸಕೋಶ ಕೆಡುತ್ತದೆ.

ತೊಂದರೆ ಏನೆಂದರೆ ಗಡ್ಡೆ ನಿಂತಲ್ಲಿ ನಿಲ್ಲುವುದಿಲ್ಲ. ನಾವು ನಿಮಿಷಕ್ಕೆ ಸುಮಾರು 12ರಿಂದ 16 ಸಲ ಉಸಿರಾಡುತ್ತೇವೆ. ಪ್ರತಿ ಸಲವೂ ವಪೆ ಕೆಳಗಿಳಿದು ಮೇಲೇರುತ್ತದೆ. ವಪೆಯ ಹತ್ತಿರದ ಗಡ್ಡೆ ಒಂದೆರಡು ಸೆಂಟಿಮೀಟರ್ ಕೂಡ ಜರುಗಬಹುದು.

“ಹಂಗಾದ್ರ ಸುತ್ತಮುತ್ತ ದೊಡ್ಡದಾಗಿ ಹೊಡೆದ್ರಾಯ್ತಲ್ರೀ?” ಎಂದಳು ಮುಂದಿನ ಸಾಲಿನ ಹುಡುಗಿ. ಬೋರ್ಡಿನ ಮೇಲೆ ಲೆಕ್ಕ ಮಾಡಿದೆವು. 3 ಸೆಂ.ಮೀ. ವ್ಯಾಸದ ಗೋಳದ ಘನಫಲ ಸುಮಾರು 14 ಘನ ಸೆಂ.ಮೀ. ಸುತ್ತಲೂ ಒಂದೇ ಸೆಂ.ಮೀ. ಹೆಚ್ಚಿಸಿದರೆ 65! ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಆ ಹೆಚ್ಚಿನದೆಲ್ಲ ಒಳ್ಳೆಯ ಶ್ವಾಸಕೋಶವೇ.

ಫೋಟೋ ಸಾಲದು, ಸಿನಿಮಾ ಬೇಕು

ಸಾಮಾನ್ಯ ಸಿ.ಟಿ. ಸ್ಕ್ಯಾನ್ ಗಡ್ಡೆಯ ಒಂದು ಕ್ಷಣವನ್ನಷ್ಟೇ ಹಿಡಿಯುತ್ತದೆ. ಉಸಿರಿನಿಂದಾಗಿ ಗಡ್ಡೆಯ ಆಕಾರವೂ ಅದರಲ್ಲಿ ತಪ್ಪಾಗಿ ಕಾಣಬಹುದು. ಅದಕ್ಕೇ ‘ನಾಲ್ಕು ಆಯಾಮದ ಸಿ.ಟಿ.’ ಬಂತು, ನಾಲ್ಕನೇ ಆಯಾಮ ಕಾಲ. ಹೊಟ್ಟೆಯ ಮೇಲಿನ ಡಬ್ಬಿ ಉಸಿರಿಗೆ ತಕ್ಕಂತೆ ಏರಿಳಿಯುವುದನ್ನು ಅವಕೆಂಪು ಕ್ಯಾಮೆರಾ ದಾಖಲಿಸುತ್ತದೆ. ಅದೇ ಹೊತ್ತಿಗೆ ಸ್ಕ್ಯಾನರ್ ಎದೆಯ ಪ್ರತಿ ಭಾಗವನ್ನೂ ಒಂದು ಪೂರ್ತಿ ಉಸಿರಿನಷ್ಟು ಕಾಲ ಚಿತ್ರಿಸುತ್ತದೆ. ಆಮೇಲೆ ಕಂಪ್ಯೂಟರ್ ಆ ಚಿತ್ರಗಳನ್ನು ಉಸಿರಿನ ಹಂತವಾರು, ಸಾಮಾನ್ಯವಾಗಿ ಹತ್ತು ಗುಂಪು ಮಾಡಿ ಜೋಡಿಸುತ್ತದೆ. ಗಡ್ಡೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಸಿನಿಮಾದಂತೆ ಕಾಣುತ್ತದೆ.

ಇದನ್ನು ನೋಡಿ ವೈದ್ಯರು ದಾರಿ ಆರಿಸುತ್ತಾರೆ. ಗಡ್ಡೆ ಓಡಾಡುವ ಜಾಗಕ್ಕಷ್ಟೇ ಗಡಿ ಎಳೆಯಬಹುದು. ಇಲ್ಲವೇ ಉಸಿರು ಹೊರಬಿಟ್ಟ ಕೊನೆಯಲ್ಲಿ ಶ್ವಾಸಕೋಶ ಸ್ವಲ್ಪ ಹೊತ್ತು ಬಹುತೇಕ ಸುಮ್ಮನಿರುತ್ತದಲ್ಲ, ಆಗ ಮಾತ್ರ ಕಿರಣ ಬಿಡಬಹುದು. ಆಗುವವರಿಗೆ ಉಸಿರು ಹಿಡಿದಿರಲು ಹೇಳುವುದೂ ಉಂಟು. ಉಸಿರು ಏರುಪೇರಾದರೆ ಚಿತ್ರಗಳು ಸರಿಯಾಗಿ ಕೂಡುವುದಿಲ್ಲ. ಹಾಗಾಗಿ ರೋಗಿಗೆ ಸಮನಾಗಿ ಉಸಿರಾಡುವ ಅಭ್ಯಾಸ ಮಾಡಿಸುತ್ತಾರೆ. ಮುತ್ಯಾನ ಚಿಕಿತ್ಸೆ ಆ ಡಬ್ಬಿಯಿಂದಲೇ ಶುರುವಾಗಿತ್ತು.

ತರಗತಿಯಲ್ಲಿ ಮಾಡಿ ನೋಡಿ

ನಾವೆಲ್ಲ ಮಾಡಿಸುವ ಬಾಟಲಿ–ಬಲೂನು ಮಾದರಿ ಸಾಕು. ಒಳಗಿನ ಬಲೂನಿಗೆ ಒಂದು ಸ್ಟಿಕರ್ ಬೊಟ್ಟು ಹಚ್ಚಿ. ಬಾಟಲಿಯ ಪಕ್ಕ ಸ್ಕೇಲ್ ನಿಲ್ಲಿಸಿ, ಕೆಳಗಿನ ರಬ್ಬರನ್ನು ನಿಧಾನವಾಗಿ ಎಳೆದು ಬಿಡುತ್ತಾ ಮೊಬೈಲಿನಲ್ಲಿ ವಿಡಿಯೋ ಮಾಡಿ. ಹತ್ತು ಕಡೆ ನಿಲ್ಲಿಸಿ, ಬೊಟ್ಟಿನ ಜಾಗವನ್ನು ಮಕ್ಕಳು ಗ್ರಾಫ್ ಹಾಳೆಯಲ್ಲಿ ಗುರುತಿಸಲಿ. ನಂತರ ಬಾಟಲಿಗೆ ಕಾಗದ ಸುತ್ತಿ, ರಬ್ಬರಿನ ಏರಿಳಿತ ನೋಡಿಯೇ ಬೊಟ್ಟು ಎಲ್ಲಿದೆ ಎಂದು ಹೇಳಲಿ. ಕಾಗದ ತೆಗೆದು ತಾಳೆ ನೋಡಿದರೆ ಕೆಲವು ಉತ್ತರ ತಪ್ಪಿರುತ್ತವೆ. ಹೊಟ್ಟೆಯ ಡಬ್ಬಿಯೊಂದನ್ನೇ ನಂಬದೆ, ಚಿಕಿತ್ಸೆಗೆ ಮೊದಲು ಯಂತ್ರದ ಮೇಲೇ ಮತ್ತೊಮ್ಮೆ ಚಿತ್ರ ತೆಗೆದು ನೋಡುವುದು ಇದಕ್ಕೇ.

ಮರುದಿನ ಹುಡುಗ ಬಂದು ಹೇಳಿದ: “ಸರ್, ರಾತ್ರಿ ಮುತ್ಯಾನ ಉಸುರು ಎಣಿಸಿದೆ. ನಿಮಿಷಕ್ಕ ಇಪ್ಪತ್ತೆರಡು. ಮಾತಾಡ್ಸಿದ್ರ ಹೆಚ್ಚಾಗ್ತದ, ಸುಮ್ನ ಕೈ ಹಿಡ್ಕೊಂಡು ಕುಂತ್ರ ಕಮ್ಮಿ ಆಗ್ತದ.”

ಪ್ರಯೋಗದ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೋ ಎಂದೆ.