ಫಲಿತಾಂಶ ಏಪ್ರಿಲ್‌ಗೆ, ಪರೀಕ್ಷೆ ಸುಗ್ಗಿಗೆ

ಸರ್ಕಾರಿ ಪ್ರಾಥಮಿಕ ಶಾಲೆಗಳ ವರ್ಷಾಂತ್ಯದ ವರದಿಯಲ್ಲಿ ಹಬ್ಬ, ಸ್ಪರ್ಧೆ, ಬಹುಮಾನಗಳ ಪಟ್ಟಿ ಉದ್ದವಿದೆ. ಅವು ನಡೆದಾಗ ತರಗತಿಯಲ್ಲಿ ಯಾರಿದ್ದರು ಎಂಬುದನ್ನು ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ಕೇಳಲೇಬೇಕು.

ಏಪ್ರಿಲ್ ಬಂತೆಂದರೆ ರಾಯಚೂರು ಸೀಮೆಯಲ್ಲಿ ಬೆಳಗಿನ ಸಾಲಿ. ಹತ್ತು ಗಂಟೆಯೊಳಗೆ ಚಾವಣಿ ಕಾಯ್ದಿರುತ್ತದೆ. ಆಫೀಸ್ ಕೋಣೆಯಲ್ಲಿ ಒಬ್ಬ ಶಿಕ್ಷಕಿ ಅಂಕಗಳನ್ನು ಓದಿ ಹೇಳುತ್ತಿದ್ದರೆ ಇನ್ನೊಬ್ಬರು ಸ್ಯಾಟ್ಸ್ ತಂತ್ರಾಂಶಕ್ಕೆ ಏರಿಸುತ್ತಿರುತ್ತಾರೆ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಕೂಡಿಸಿ ಮಗುವಿನ ಇಡೀ ವರ್ಷವನ್ನು ಒಂದು ಅಕ್ಷರಕ್ಕೆ ಇಳಿಸಬೇಕು: 90ರಿಂದ ಮೇಲೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕೂ ಕೆಳಗಿದ್ದರೆ ಸಿ. ಏಪ್ರಿಲ್ 10ರ ಸುಮಾರಿಗೆ ‘ಸಮುದಾಯದತ್ತ ಶಾಲೆ’. ಅವತ್ತು ಪೋಷಕರನ್ನು ಕರೆದು ಪ್ರಗತಿಪತ್ರ ಕೊಡುತ್ತಾರೆ, ಮುಖ್ಯ ಗುರುಗಳು ವರ್ಷದ ವರದಿ ಓದುತ್ತಾರೆ.

ವರದಿಯಲ್ಲಿ ಹೇಳಿಕೊಳ್ಳಲು ಬೇಕಾದಷ್ಟಿದೆ. ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷಕ್ಕೆ ಬಂದ ಬಹುಮಾನ, ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ, ಬ್ಯಾಗಿಲ್ಲದ ಸಂಭ್ರಮ ಶನಿವಾರ, ಗ್ರಾಮ ಪಂಚಾಯಿತಿಯ ಗಣಿತ ಸ್ಪರ್ಧೆ. ಓದಿ ಹೇಳದ ಅಂಕಿಯೂ ಒಂದಿದೆ. ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿದ್ದ ಮಕ್ಕಳೆಷ್ಟು, ಜನವರಿಯಲ್ಲಿ ಬೆಂಚಿನ ಮೇಲಿದ್ದವರೆಷ್ಟು? ಈ ಜಿಲ್ಲೆಯಲ್ಲಿ ಶಾಲೆಯ ನಿಜವಾದ ಫಲಿತಾಂಶ ಅದೇ.

ಹತ್ತಿ ಬಿಡಿಸುವ ಹೊತ್ತು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವು ಎಂದಿತು. ಆ ಪಟ್ಟಿಯ ತಳದಲ್ಲಿದ್ದದ್ದು ದೇವದುರ್ಗ, ಸೂಚ್ಯಂಕ 0.53. ಮಾನ್ವಿಯೂ ‘ಅತ್ಯಂತ ಹಿಂದುಳಿದ’ ಸಾಲಿನಲ್ಲೇ ಇತ್ತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ರಾಯಚೂರು ಜಿಲ್ಲೆ ಶೇ 60ನ್ನೂ ಮುಟ್ಟಿರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಆರಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಇದ್ದವು ಎರಡೇ, ರಾಯಚೂರು ಮತ್ತು ಯಾದಗಿರಿ.

ಈ ಅಂಕಿಗಳ ಹಿಂದೆ ಹೊಲದ ಕ್ಯಾಲೆಂಡರ್ ಇದೆ. ಹತ್ತಿ ಬಿಡಿಸುವುದು ದಸರೆಯ ಸುಮಾರಿಗೆ ಶುರುವಾಗಿ ಸಂಕ್ರಾಂತಿವರೆಗೂ ನಡೆಯುತ್ತದೆ, ಅದರ ಬೆನ್ನಿಗೇ ಮೆಣಸಿನಕಾಯಿ. ಕೂಲಿ ಕೊಡುವುದು ಬಿಡಿಸಿದ ತೂಕದ ಲೆಕ್ಕದಲ್ಲಿ. ಹಾಗಾಗಿ ಹತ್ತು ವರ್ಷದ ಕೈಗೂ ಬೆಲೆ ಬರುತ್ತದೆ. ಸ್ವಂತ ಹೊಲವಿಲ್ಲದವರು, ಮಳೆ ಕೈಕೊಟ್ಟವರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇಭಾಗಕ್ಕೆ ನೀರು ಬಾರದೆ ಎರಡನೇ ಬೆಳೆ ಬಿಟ್ಟವರು ದೀಪಾವಳಿ ಮುಗಿಸಿ ಗುಳೆ ಹೊರಡುತ್ತಾರೆ. ಬೆಂಗಳೂರಿನ ಕಟ್ಟಡದ ಕೆಲಸ, ಪುಣೆ, ಮುಂಬೈ, ಹೈದರಾಬಾದ್.

ಶಾಲೆಯವರು ಮನೆಗಳಿಗೆ ತಿರುಗುವುದು ಆಗ. ಆ ಮಾತುಕತೆ ಬಹುತೇಕ ಎಲ್ಲ ಊರಲ್ಲೂ ಒಂದೇ.

“ಯಕ್ಕಾ, ಹುಡುಗಿನ್ನ ಅವರಜ್ಜಿ ಹತ್ರ ಬಿಟ್ಟು ಹೋಗ್ರಿ. ನಾವು ನೋಡ್ಕೋತೀವಿ.”

“ಅಕಿ ಇಲ್ಲಿದ್ರ ಅಲ್ಲಿ ಸಣ್ಣ ಕೂಸಿನ್ನ ಎತ್ಕೊಳ್ಳೋರು ಯಾರ್ರಿ ಸರ?”

ಇದಕ್ಕೆ ಉತ್ತರ ಯಾವ ಸುತ್ತೋಲೆಯಲ್ಲೂ ಇಲ್ಲ. ತಾಯಿ ಇಟ್ಟಿಗೆ ಹೊರುವಾಗ ಕೂಸನ್ನು ನೋಡಿಕೊಳ್ಳುವ ಕೆಲಸ ನಾಲ್ಕನೇ ತರಗತಿಯ ಅಕ್ಕನದು. ಅವಳು ಹೋದಳೆಂದರೆ ಬಹಳ ಸಲ ಬರುವುದು ಯುಗಾದಿಗೆ, ಇಲ್ಲವೇ ಮುಂಗಾರಿಗೆ.

ಕಾಯುವ ಏಣಿ, ಕಾಯದ ಪುಸ್ತಕ

ಹಾಗೆ ಹೋಗಿ ಬಂದ ಮಗುವಿಗೆ ಒಂದರಿಂದ ಮೂರನೇ ತರಗತಿವರೆಗೆ ಒಂದು ಅನುಕೂಲವಿದೆ, ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಮೊದಲಾದ ಈ ಪದ್ಧತಿ 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಇಲ್ಲಿ ಪಾಠಗಳಿಲ್ಲ, ಚಿಹ್ನೆಯಿರುವ ಕಾರ್ಡುಗಳಿವೆ. ಗೋಡೆಗೆ ಕಲಿಕಾ ಏಣಿ. ಮಗು ಬಂದು ಏಣಿಯಲ್ಲಿ ತನ್ನ ಚಿತ್ರ ಹುಡುಕಿ, ಅದೇ ಚಿತ್ರದ ಕಾರ್ಡು ತೆಗೆದುಕೊಂಡು, ಅದು ಹೇಳಿದ ಗುಂಪಿಗೆ ಹೋಗಿ ಕೂರುತ್ತದೆ. ಯಾರ ಹೆಜ್ಜೆ ಅವರವರದು.

ಈ ಪದ್ಧತಿಯನ್ನು ಗುಳೆ ಹೋಗುವವರಿಗೆಂದು ಮಾಡಿದ್ದಲ್ಲ. ಆದರೂ ಅವರಿಗೆ ಇದರಷ್ಟು ಒಗ್ಗಿದ್ದು ಬೇರೆ ಇಲ್ಲ. ಮೂರು ತಿಂಗಳು ಬಿಟ್ಟು ಬಂದ ಹುಡುಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ತೊಡಕು ನಾಲ್ಕನೇ ತರಗತಿಯಲ್ಲಿ. ಅಲ್ಲಿಂದ ಪಠ್ಯಪುಸ್ತಕ, ಮತ್ತು ಪುಸ್ತಕ ಯಾರಿಗೂ ಕಾಯುವುದಿಲ್ಲ. ಹೊಲಕ್ಕೆ, ಕೂಸು ನೋಡುವುದಕ್ಕೆ ಮಗು ಒದಗುವ ವಯಸ್ಸೂ ಅದೇ.

ನಾಲ್ಕು, ಐದನೇ ತರಗತಿಗೆ ಒಂದಿಷ್ಟು ಆಸರೆ ಗಣಿತ ಕಿಟ್. ಅಕ್ಷರ ಫೌಂಡೇಷನ್ ಜೊತೆ ಸರ್ಕಾರ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಮೊದಲು ಕಾಲಿಟ್ಟದ್ದು ಆಗಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಲ್ಲೇ. ಪೆಟ್ಟಿಗೆ ತೆರೆದರೆ ಅಬ್ಯಾಕಸ್, ದಾಳ, ಆಟದ ನೋಟು, ಗಡಿಯಾರ, ಅಳತೆ ಟೇಪು, ಭಿನ್ನರಾಶಿಯ ಪಟ್ಟಿಗಳು. ‘ದಶಕ ತೆಗೆದುಕೊಳ್ಳುವುದು’ ಹಲಗೆಯ ಮೇಲೆ ತಿಳಿಯದ ಮಗು ಹತ್ತು ಬಿಡಿ ಮಣಿ ಕೊಟ್ಟು ಒಂದು ಹತ್ತರ ಮಣಿ ಈಸಿಕೊಂಡಾಗ ತಿಳಿದುಕೊಳ್ಳುತ್ತದೆ. ಸಂತೆಯಲ್ಲಿ ಚಿಲ್ಲರೆ ಎಣಿಸಿ ಗೊತ್ತಿರುವ ಮಕ್ಕಳಿಗಂತೂ ಆಟದ ನೋಟು ನೀರು ಕುಡಿದಷ್ಟು ಸಲೀಸು. ಹಲಗೆ ಲೆಕ್ಕದಲ್ಲಿ ಹಿಂದೆ ಬಿದ್ದವರು ಇಲ್ಲಿ ಮುಂದೆ ಬರುತ್ತಾರೆ.

ಹಬ್ಬದಲ್ಲಿ ಕಲಿಕೆ ಎಷ್ಟು

ಕೋವಿಡ್ ಮುಗಿದ ಮೇಲೆ 2022-23ರಲ್ಲಿ ಇಲಾಖೆ ಕಲಿಕಾ ಚೇತರಿಕೆಯ ಜೊತೆಗೆ ಕಲಿಕಾ ಹಬ್ಬವನ್ನೂ ತಂದಿತು. ಆಗ ‘ಹಾಡು-ಆಡು’, ‘ಕಾಗದ-ಕತ್ತರಿ’, ‘ಮಾಡು-ಆಡು’, ‘ಊರು ತಿಳಿಯೋಣ’ ಎಂಬ ಮೂಲೆಗಳಿದ್ದವು. ಬುನಾದಿ ಓದು-ಲೆಕ್ಕವನ್ನೇ ಗುರಿಯಾಗಿಸಿ 2024-25ರಲ್ಲಿ ನಡೆದ ಹಬ್ಬದಲ್ಲಿ ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಸಂತೋಷದಾಯಕ ಗಣಿತ, ರಸಪ್ರಶ್ನೆ, ಜ್ಞಾಪಕಶಕ್ತಿ, ಪೋಷಕರು-ಮಕ್ಕಳ ಸಹಸಂಬಂಧ ಎಂದು ಪಟ್ಟಿ ಬದಲಾಯಿತು.

ಇವುಗಳಲ್ಲಿ ಗಟ್ಟಿ ಓದು ಬಹಳ ಹೇಳುತ್ತದೆ. ಓದಲು ಬಾರದ ಮಗು ಪಾಠವನ್ನು ಬಾಯಿಪಾಠ ಮಾಡಿ ವರ್ಷಗಟ್ಟಲೆ ತಪ್ಪಿಸಿಕೊಳ್ಳಬಹುದು. ಹೊಸ ಪುಟ ಕೈಗೆ ಕೊಟ್ಟರೆ ತಪ್ಪಿಸಿಕೊಳ್ಳಲಾಗದು. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತದೆ, ದನಿ ಇಳಿಯುತ್ತದೆ. ಶಿಕ್ಷಕರಿಗೆ ಅಂಕಪಟ್ಟಿ ಹೇಳದ್ದನ್ನು ಆ ನಿಂತ ಬೆರಳು ಹೇಳುತ್ತದೆ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿರುವ ಈ ಜಿಲ್ಲೆಯಲ್ಲಿ ತೊಡಕು ಅಕ್ಷರದ್ದೋ ಭಾಷೆಯದ್ದೋ ಎಂದು ಬೇರೆ ಮಾಡಿ ತಿಳಿಯಲು ಇದೊಳ್ಳೆಯ ದಾರಿ.

‘ಊರು ತಿಳಿಯೋಣ’ ಎಂಬುದಕ್ಕೆ ಇಲ್ಲಿ ಬರವಿಲ್ಲ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ಗುಡಿಗಳಿವೆ, ಶಾಸನಗಳಿವೆ. ಮಾನ್ವಿ ಜಗನ್ನಾಥದಾಸರ ಊರು, ಆ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರದು. ರಾಯಚೂರು ನಗರದ ಮಕ್ಕಳಿಗಂತೂ ಬಸ್ಸೂ ಬೇಡ. ಒಳಕೋಟೆಯ ಪಡುವಣ ಗೋಡೆಯಲ್ಲಿ 41 ಅಡಿ ಮೀರಿದ ಒಂದೇ ಕಲ್ಲಿದೆ. ಕಾಕತೀಯರ ಕಡೆಯ ಗೊರೆ ಗಂಗಯ್ಯ ರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಗಾಡಿಗೇರಿಸಿ ಜೋಡಿ ಜೋಡಿ ಜಾನುವಾರು ಎಳೆದು ತಂದದ್ದನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಗಣಿತ ಕಿಟ್‌ನ ಟೇಪು ಕೈಗೆ ಕೊಟ್ಟು ಶಾಲೆಯ ವರಾಂಡದಲ್ಲಿ 41 ಅಡಿ ಅಳೆಯಿಸಿ, ಆಮೇಲೆ ಕೋಟೆಗೆ ಕರೆದೊಯ್ದರೆ ಇತಿಹಾಸ, ಲೆಕ್ಕ, ವಿಜ್ಞಾನ ಮೂರೂ ಒಂದೇ ಬೆಳಗಿನಲ್ಲಿ ಆದಾವು. ಖರ್ಚು ಏನೂ ಇಲ್ಲ.

ತಟ್ಟೆಯೂ ಪಾಠವೇ

ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಡುವ ವಿಚಾರದಲ್ಲಿ ಊಟವನ್ನು ಬಿಟ್ಟು ಮಾತಿಲ್ಲ. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲಾದದ್ದು ರಾಯಚೂರೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಹಾಲು ಬಂತು. ಮೊಟ್ಟೆಯನ್ನೂ 2021ರ ಡಿಸೆಂಬರ್‌ನಲ್ಲಿ ಮೊದಲು ಕೊಟ್ಟದ್ದು ಈ ಭಾಗದ ಮಕ್ಕಳಿಗೇ. 2023ರ ಬರದ ಮರುವರ್ಷ ಬೇಸಿಗೆ ರಜೆಯಲ್ಲೂ ಬರಪೀಡಿತ ತಾಲ್ಲೂಕುಗಳಲ್ಲಿ ಬಿಸಿಯೂಟದ ಒಲೆ ಉರಿಯಿತು. ಅಡುಗೆಯವರಿಗೆ ಯಾವ ಮಗು ಎಂದಿನಿಂದ ಬಂದಿಲ್ಲ ಎಂಬುದು ಹಾಜರಿ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ.

ತಾರೀಖು ಬದಲಾಗಲಿ

2024ರಲ್ಲಿ ವರ್ಷಾಂತ್ಯದ ದೊಡ್ಡ ಸುದ್ದಿಯೆಂದರೆ ಐದು, ಎಂಟನೇ ತರಗತಿಗಳ ಬೋರ್ಡ್ ಪರೀಕ್ಷೆ. ಹೈಕೋರ್ಟ್‌ನ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ನಡೆಸಿ ಎಂದಿತು. ಫಲಿತಾಂಶ ಪ್ರಕಟವಾಗಬೇಕಿದ್ದ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆಯಿತು. ಹತ್ತು ವರ್ಷದ ಮಕ್ಕಳನ್ನು ಯಾರು ಅಳೆಯಬೇಕು ಎಂಬುದರ ಮೇಲೆ ಅಷ್ಟು ವಾದವಾಯಿತು. ಅಳೆಯುವ ದಿನ ಮಗು ಊರಲ್ಲಿರುತ್ತದೆಯೇ ಎಂಬುದರ ಮೇಲೆ ಅದರ ಕಾಲು ಭಾಗ ಚರ್ಚೆಯೂ ಆಗಲಿಲ್ಲ.

ಕಾರ್ಯಕ್ರಮಗಳಿಗೆ ಇಲ್ಲಿ ಕೊರತೆಯಿಲ್ಲ, ತಾರೀಖಿನದೇ ತಕರಾರು. 2024-25ರ ಕಲಿಕಾ ಹಬ್ಬ ಕ್ಲಸ್ಟರ್‌ಗಳಿಗೆ ಬಂದದ್ದು ಜನವರಿ-ಫೆಬ್ರುವರಿಯಲ್ಲಿ. ರಾಜ್ಯಕ್ಕೆಲ್ಲ ಒಂದೇ ಸುತ್ತೋಲೆಯಾದ್ದರಿಂದ ಹಾಗಾಗುತ್ತದೆ. ಮಂಡ್ಯಕ್ಕೆ ಅದು ಒಗ್ಗೀತು, ದೇವದುರ್ಗಕ್ಕೆ ಒಗ್ಗದು. ಯಾವ ಮಗುವನ್ನು ಶಾಲೆಗೆ ಕಟ್ಟಿಹಾಕಲೆಂದು ಹಬ್ಬ ಮಾಡುತ್ತೇವೆಯೋ ಆ ಮಗು ಆಗ ಮೆಣಸಿನಕಾಯಿ ಹೊಲದಲ್ಲೋ ಯಲಹಂಕದ ಶೆಡ್ಡಿನಲ್ಲೋ ಇರುತ್ತದೆ. ಹಬ್ಬಕ್ಕೆ ಬಂದವರು, ಹೇಗೂ ಶಾಲೆ ಬಿಡದಿದ್ದವರು.

ಹಬ್ಬ ನವೆಂಬರ್‌ಗೆ ಬರಲಿ, ಹತ್ತಿ ಬಿಡಿಸುವುದು ಜೋರಾಗಿರುವಾಗಲೇ ಬರಲಿ. ಗುಂಪಿನ ನಾಟಕದಲ್ಲಿ ಪಾತ್ರವಿರುವ, ಗಣಿತ ಸ್ಪರ್ಧೆಗೆ ಹೆಸರು ಕೊಟ್ಟಿರುವ ಹುಡುಗಿ ‘ನಾ ಒಲ್ಲೆ, ಸಾಲ್ಯಾಗ ನಂದು ನಾಟಕ ಐತಿ’ ಎಂದು ಮನೆಯಲ್ಲಿ ಹಟ ಹಿಡಿಯುತ್ತಾಳೆ. ಆ ಹಟ ಶಿಕ್ಷಕರ ಹತ್ತು ಭೇಟಿಗೆ ಸಮ. ಹಟ ಒಂದರಿಂದಲೇ ಕೂಸು ನೋಡುವವರು ಸಿಗುವುದಿಲ್ಲ ಎಂಬುದೂ ನಿಜ. ಅದಕ್ಕೆ ಅಂಗನವಾಡಿ, ಋತುಮಾನದ ವಸತಿ ವ್ಯವಸ್ಥೆ, ಅಜ್ಜಿಯ ಮನೆಗೆ ರೇಷನ್ ಇವೆಲ್ಲ ದಸರೆ ರಜೆಗೆ ಮೊದಲೇ ಆಗಬೇಕು. ಜನ ಬಸ್ಸು ಹತ್ತಿದ ಮೇಲೆ ಆದೇಶ ಬಂದರೆ ಫೈಲಿಗಷ್ಟೇ ಲಾಭ. ಸಂವಿಧಾನದ 371-ಜೆ ವಿಧಿ ಬಂದಮೇಲೆ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ, ಅದರ ಹಣದಲ್ಲಿ ‘ಅಕ್ಷರ ಆವಿಷ್ಕಾರ’ ಎಂಬ ಶಿಕ್ಷಣ ಯೋಜನೆಯಿದೆ. ಪ್ರತ್ಯೇಕ ಹಣ ಸಿಕ್ಕ ಸೀಮೆಗೆ ಪ್ರತ್ಯೇಕ ಶಾಲಾ ಕ್ಯಾಲೆಂಡರ್ ಕೇಳಲು ಸಂಕೋಚವೇಕೆ?

ಕೆಲಸ ಈ ಏಪ್ರಿಲ್‌ನಲ್ಲೇ ಶುರು ಮಾಡಬಹುದು. ‘ಸಮುದಾಯದತ್ತ ಶಾಲೆ’ಯ ದಿನ ಎಸ್‌ಡಿಎಂಸಿ ಸದಸ್ಯರೂ ಪೋಷಕರೂ ಒಂದೇ ಚಾಪೆಯ ಮೇಲಿರುತ್ತಾರೆ. ಪ್ರಗತಿಪತ್ರ ಹಂಚುವ ಮೊದಲು ಮೂರು ಅಂಕಿ ಗಟ್ಟಿಯಾಗಿ ಓದಲಿ: ಜೂನ್ ಹಾಜರಿ, ಜನವರಿ ಹಾಜರಿ, ಮರಳಿ ಬಂದವರು. ಅದೇ ಸಭೆಯಲ್ಲಿ, ಬರುವ ಸುಗ್ಗಿಗೆ ಊರು ಬಿಡುವ ಮನೆಗಳ ಪಟ್ಟಿ ಬರೆದು ಠರಾವು ಮಾಡಲಿ. ಬಹುಮಾನಗಳ ಪಟ್ಟಿ ಅದಾದ ಮೇಲೆ ಓದಿದರೂ ನಡೆಯುತ್ತದೆ.